ದಫೇದಾರರ ಮಗನ ಮೆಟ್ಟು

ನಮ್ಮ ಯಜಮಾನರ ಪಾದದ ಕೆಳಗಿನ ರಬ್ಬರು ತೆಳುವಾಗುತ್ತ ಹೋದ ಹಾಗೆಲ್ಲ ನಮ್ಮ ಮನೆಯ ಮಾತು ದಪ್ಪವಾಗುತ್ತ ಹೋಯಿತು. ಒಂದು ಜೊತೆ ಶೂ ಒಂದು ಸಂಸಾರವನ್ನು ಹೀಗೆ ಆಡಿಸುತ್ತದೆ ಎಂದು ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ, ನಾನು ಹುಡುಗನ ಕೆಲಸ ವಿಚಾರಿಸುವ ಬದಲು ಅವನ ಕಾಲು ನೋಡುತ್ತಿದ್ದೆ.

ಶುರುವಾದದ್ದು ಸಕ್ಕರೆಯಿಂದ. ಮನೋಹರ್ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು. ನಲವತ್ತು ದಾಟಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ, ಸಕ್ಕರೆ ಗಡಿಯಲ್ಲಿ ನಿಂತಿದೆ, ಇನ್ನೊಂದು ಹೆಜ್ಜೆ ಇಟ್ಟರೆ ಒಳಗೆ ಬರುತ್ತದೆ ಎಂದರು ಡಾಕ್ಟರು. ಸಿಹಿ ಬಿಡಿ, ಓಡಿ ಎಂದೂ ಹೇಳಿದರು. ಇವರು ಸಿಹಿ ಬಿಡಲಿಲ್ಲ. ಓಡುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಬೆಳಗಾಗುವ ಮುಂಚೆ ವಿಜಯನಗರದಿಂದ ಕುಕ್ಕರಹಳ್ಳಿ ಕೆರೆಗೆ ಹೋಗಿ, ಏರಿಯ ಮೇಲೆ ಓಡಿ, ಬರುವಾಗ ಬೆವರಿನ ಜೊತೆಗೆ ಒಂದಿಷ್ಟು ಹೊಸ ಜ್ಞಾನವನ್ನೂ ತರುತ್ತಿದ್ದರು. ಬೆವರನ್ನಾದರೂ ಒರೆಸಿಕೊಳ್ಳುತ್ತಿದ್ದರು.

ಮೊದಲು ಕೊಂಡ ಶೂಗಳ ಅಟ್ಟೆ ಮಲ್ಲಿಗೆ ಇಡ್ಲಿಯ ಹಾಗೆ ದಪ್ಪಕ್ಕೆ, ಮೆತ್ತಗೆ ಇತ್ತು. ನಮ್ಮ ಮಾವನವರಿಗೆ ಅದು ಬಹಳ ಹಿಡಿಸಿತು. ಕೈಯಲ್ಲಿ ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಬೂಟು ಅಂದ್ರೆ" ಎಂದರು.

ಮಾವನವರ ಬಾಯಲ್ಲಿ ಈ ಮಾತು ಸುಮ್ಮನೆ ಬರುವುದಿಲ್ಲ. ಚಿಕ್ಕಬಸವಯ್ಯನವರು ಜಿಲ್ಲಾ ಕಚೇರಿಯಲ್ಲಿ ದಫೇದಾರರಾಗಿ ನಿವೃತ್ತರಾದವರು. ಬಿಳಿ ಉಡುಪು, ಎದೆಗೆ ಅಡ್ಡಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ, ಕಾಲಿಗೆ ಕರೀ ಬೂಟು, ಹೀಗೆ ಸಾಹೇಬರ ಮುಂದೆ ದಾರಿ ಬಿಡಿಸಿಕೊಂಡು ನಡೆಯುವ ಕೆಲಸ. ನಿವೃತ್ತಿಯ ದಿನ ಪಟ್ಟಿ, ಬಿಲ್ಲೆ ಸರ್ಕಾರಕ್ಕೆ ವಾಪಸ್ಸು ಹೋದವು. ಬೂಟು ಮನೆಗೆ ಬಂತು. ಈಗಲೂ ಹಾಲಿಗೆ ಹೋಗಬೇಕಾದರೂ ಬೂಟು, ಕೊತ್ತಂಬರಿ ಸೊಪ್ಪಿಗೂ ಬೂಟು. ಬುದ್ಧ ವಿಹಾರದ ಬಾಗಿಲಲ್ಲಿ ಬಿಚ್ಚಿಟ್ಟರೆ ಇಟ್ಟರು, ಬೀದಿಯಲ್ಲಿ ಅವರ ಬರಿ ಪಾದ ಕಂಡವರಿಲ್ಲ. ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಹಳೇ ಪೇಪರ್ ಹಾಸಿ, ಪಾಲಿಶ್ ಡಬ್ಬಿ ತೆಗೆದು ಕೂತರೆಂದರೆ ಮನೆಯ ಅಷ್ಟೂ ಶೂಗಳು ಅವರ ಮುಂದೆ ಸಾಲಾಗಿ ನಿಲ್ಲಬೇಕು, ನಾನು ಪಾಠ ಹೇಳಲು ಶಾಲೆಗೆ ಹಾಕಿಕೊಂಡು ಹೋಗುವ ಚಪ್ಪಲಿಯೂ ಸೇರಿ.

ದಪ್ಪ ಶೂ ಹಾಕಿ ಓಡಿದ ಕೆಲವೇ ತಿಂಗಳಲ್ಲಿ ಇವರ ಮಂಡಿ ಹಿಡಿಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದರು. ಓಟ ಬಿಡುತ್ತಾರೆ, ನಾನು ಬೆಳಗಿನ ನಿದ್ದೆ ಪೂರಾ ಮಾಡಬಹುದು ಎಂದುಕೊಂಡೆ. ಅಷ್ಟರಲ್ಲಿ ಕೆರೆ ಏರಿಯ ಮೇಲೆ ದಿಲೀಪ್ ಸಿಕ್ಕಿದ.

ದಿಲೀಪ್ ವಿಜಯನಗರದಲ್ಲೇ ಸ್ಟೇಷನರಿ ಅಂಗಡಿ ಇಟ್ಟಿರುವ ಹುಡುಗ. ಪೆನ್ನು, ಪೇಪರ್ ಮಾರುವುದು ಹೊಟ್ಟೆಪಾಡಿಗೆ, ಅವನ ನಿಜವಾದ ಕಸುಬು ಪಾದೋಪದೇಶ. ಒಂದು ದಿನ ಮನೆಗೇ ಬಂದು ನಮ್ಮ ಸೋಫಾದಲ್ಲಿ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದ.

"ಪಾದಕ್ಕೆ ಅದರದ್ದೇ ಬುದ್ಧಿ ಇದೆ ಆಂಟಿ. ದಪ್ಪ ಶೂ ಹಾಕಿ ಹಾಕಿ ನಾವು ಅದನ್ನ ದಡ್ಡ ಮಾಡ್ಬಿಟ್ಟಿದೀವಿ. ನೆಲ ಗೊತ್ತಾಗ್ಬೇಕು. ನೆಲ ಗೊತ್ತಾದ್ರೆ ಮಂಡಿ ತಾನೇ ಸರಿಹೋಗುತ್ತೆ."

"ನೆಲ ಗೊತ್ತಾಗ್ಬೇಕು ಅಂದ್ರೆ ವಾರಕ್ಕೊಂದು ದಿನ ಮನೆ ಒರೆಸ್ಲಿ" ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮುಂದಿನ ಜೊತೆ ಎಷ್ಟು ತೆಳುವಾಗಿತ್ತೆಂದರೆ ಮಡಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಒಪ್ಪಲೇಬೇಕು, ಮಂಡಿನೋವು ಇಳಿಯಿತು. ಹಾಗಾಗಿ ಅದಕ್ಕಿಂತ ತೆಳುವಾದದ್ದು ಬಂತು. ಆಮೇಲೆ ಬಂದದ್ದಕ್ಕೆ ಐದೈದು ಬೆರಳಿತ್ತು. ತೊಳೆದು ತಂತಿಯ ಮೇಲೆ ಒಣಹಾಕಿದರೆ ಯಾವುದೋ ಪ್ರಾಣಿಯ ಚರ್ಮ ಸುಲಿದು ನೇತುಹಾಕಿದ ಹಾಗಿತ್ತು. ಆ ಭಾನುವಾರ ಮಾವನವರು ಅದನ್ನು ಎಡಗೈಗೆ ಹಾಕಿಕೊಂಡು, ಬಲಗೈಯಲ್ಲಿ ಬ್ರಷ್ ಹಿಡಿದು, ಬಹಳ ಹೊತ್ತು ಕೂತಿದ್ದರು.

"ಇದ್ಕೆ ಎಲ್ಲಿ ಪಾಲಿಶ್ ಆಕ್ಲಿ?" ಎಂದರು ಕೊನೆಗೆ. "ಕೋತಿ ಕಾಲಿದ್ದಂಗದೆ."

"ಇದಕ್ಕೆ ಪಾಲಿಶ್ ಬೇಡಪ್ಪ" ಎಂದರು ಇವರು.

"ಪಾಲಿಶ್ ಬ್ಯಾಡ್ವಾ? ಅಂಗಾರೆ ಬೂಟಲ್ಲ ಬುಡು."

ಅಪ್ಪನ ಸಿಟ್ಟು ಹೀಗೆ ಏರುತ್ತಿದ್ದರೆ, ಅತ್ತೆಯ ಮುಖ ಮಾತ್ರ ಶೂ ತೆಳುವಾದಷ್ಟೂ ಅರಳುತ್ತಿತ್ತು. ಮಗ ಓಡಿ ಬಂದರೆ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕಾದಿರುತ್ತಿದ್ದರು. "ಅದೂ ಯಾಕ್ಮಗ, ಬರಿಗಾಲಲ್ಲೇ ಓಡು, ತಂಪಾಗಿರ್ತದೆ" ಎಂದು ಮೆಲ್ಲಗೆ ಹೇಳುತ್ತಿದ್ದರು. ನನಗೆ ಅನುಮಾನ ಬಂತು. ನಮ್ಮ ಅತ್ತೆ ಪುಟ್ಟಲಿಂಗಮ್ಮನವರು ಕಾರಣವಿಲ್ಲದೆ ಯಾವುದಕ್ಕೂ ಮಜ್ಜಿಗೆ ಹಾಕುವವರಲ್ಲ.

ಒಂದು ಮಧ್ಯಾಹ್ನ ಇಬ್ಬರೇ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿದೆ. ಮೊದಲು ಇಲ್ಲ ಎಂದರು. ಆಮೇಲೆ ಎದ್ದು, ಮಾವನವರು ಮನೆಯಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಬಂದು ಹೇಳಿದರು. ಮನೋಹರ್ ಮಗುವಾಗಿದ್ದಾಗ ಎಷ್ಟು ದಿನವಾದರೂ ನಡೆಯಲಿಲ್ಲವಂತೆ. ಕಾಲಲ್ಲಿ ಬಲವಿರಲಿಲ್ಲವಂತೆ. ಆಗ ಕೆಸರೆಯ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ದೂರದಲ್ಲಿ ಕಾಣುವ ಚಾಮುಂಡಿ ಬೆಟ್ಟಕ್ಕೆ ಕೈ ಮುಗಿದು, ಮಗ ನಡೆದರೆ ಬರಿಗಾಲಲ್ಲಿ ಹತ್ತಿಸುತ್ತೇನೆ ಎಂದು ಹರಕೆ ಕಟ್ಟಿಕೊಂಡಿದ್ದರು. ಮಗ ನಡೆದ. ಹರಕೆ ತೀರಿಸುವಷ್ಟರಲ್ಲಿ ಮಾವನವರು ಬೌದ್ಧ ದೀಕ್ಷೆ ತೆಗೆದುಕೊಂಡರು. ಮನೆಯಲ್ಲಿದ್ದ ದೇವರ ಪಟಗಳು ಹೋದವು, ಹರಕೆ ಎನ್ನುವ ಮಾತೇ ಹೊಸಿಲು ದಾಟಬಾರದೆಂದಾಯಿತು. ಅತ್ತೆಯೂ ದೀಕ್ಷೆ ತೆಗೆದುಕೊಂಡರು, ಬುದ್ಧನ ಮುಂದೆ ದಿನಾ ಹೂ ಇಡುತ್ತಾರೆ, ಅದರಲ್ಲೇನೂ ಮೋಸವಿಲ್ಲ. ಚಾಮುಂಡಿಯ ಒಂದು ಸಣ್ಣ ಪಟ ಮಾತ್ರ ಇಂದಿಗೂ ರಾಗಿ ಡ್ರಮ್ಮಿನ ತಳದಲ್ಲಿದೆ.

"ಅವ್ನಾಗವ್ನೇ ಬೂಟು ಬುಡ್ತಾ ಬತ್ತಾವ್ನೆ ಕಣವ್ವ. ಆ ತಾಯೇ ಬುಡುಸ್ತಾವ್ಳೆ" ಎಂದರು.

"ದಿಲೀಪ್ ಬಿಡಿಸ್ತಾ ಇದಾನೆ ಅತ್ತೆ."

"ಯಾರ್ ಕೈಲಾದ್ರೂ ಬುಡುಸ್ಲಿ."

ಇಷ್ಟಾದರೂ ಎಲ್ಲ ಮನೆಯೊಳಗೇ ಇರುತ್ತಿತ್ತು. ಅದನ್ನು ಬೀದಿಗೆ ಹಾಕಿದವಳು ನಾನು. ಎದುರು ಮನೆಯ ಪಾರ್ವತಮ್ಮನವರು ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ನಿಮ್ಮ ಮನೆಯವರು ಶೂ ಬಿಟ್ಟಿದಾರಾ?" ಎಂದು ಕೇಳಿದರು. ಶಾಲೆಗೆ ಹೊತ್ತಾಗಿತ್ತು. ತೆಳು ಅಟ್ಟೆಯ ಶಾಸ್ತ್ರವನ್ನೆಲ್ಲ ಅವರಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

"ಹೂಂ ಕಣ್ರೀ, ಮಂಡಿನೋವಿಗೆ ಬಿಟ್ಟಿದಾರೆ" ಎಂದು ಸ್ಕೂಟರ್ ಏರಿದೆ.

ಮಂಡಿನೋವಿಗೆ ಶೂ ಬಿಟ್ಟಿದ್ದಾರೆ ಎಂದರೆ ಮೈಸೂರಿನಲ್ಲಿ ಅದಕ್ಕೆ ಒಂದೇ ಅರ್ಥ, ಬೆಟ್ಟದ ತಾಯಿಗೆ ಹರಕೆ. ಆ ಅರ್ಥ ಅಂದು ಸಂಜೆಯೊಳಗೆ ನಾಲ್ಕು ಬೀದಿ ಸುತ್ತಿತು, ವಾರದೊಳಗೆ ವಿಹಾರಕ್ಕೂ ಹೋಯಿತು.

ವಿಹಾರದ ಕಾರ್ಯದರ್ಶಿ ಶಿವರಾಮು ನಿವೃತ್ತ ಹೆಡ್ಮಾಸ್ತರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಮನೆಗೆ ಬಂದು, ಟೀ ಕುಡಿದು, ಮಂಡಕಳ್ಳಿಯಿಂದ ಹೊಸ ವಿಮಾನ ಹಾರುವುದನ್ನೆಲ್ಲ ಮಾತಾಡಿ, ಕಡೆಗೆ ವಿಷಯಕ್ಕೆ ಬಂದರು.

"ತಪ್ಪು ತಿಳ್ಕೋಬೇಡಿ ಚಿಕ್ಕಬಸವಯ್ಯನೋರೆ. ಬುದ್ಧ ಪೂರ್ಣಿಮೆಗೆ ಮೂಢನಂಬಿಕೆ ಮೇಲೆ ಮಾತಾಡೋರು ನೀವೇ. ಮನೋಹರ್ ಏನೋ ಹರಕೆ ಹೊತ್ಕೊಂಡು ಬರಿಗಾಲಲ್ಲಿ ಓಡ್ತಿದಾರೆ ಅಂತ ಜನ ಅಂತಾರೆ. ನಾನು ನಂಬಿಲ್ಲ. ಕೇಳೋಣ ಅಂತ ಬಂದೆ ಅಷ್ಟೆ."

ಅಡಿಗೆಮನೆಯಲ್ಲಿ ಅತ್ತೆಯ ಕೈಯಿಂದ ಸೌಟು ಬಿತ್ತು. ಮಾವನವರು ಕೂತಲ್ಲೇ ನೆಟ್ಟಗಾದರು, ಎದೆಯ ಮೇಲೆ ಪಟ್ಟಿ ಇನ್ನೂ ಇದೆಯೇನೋ ಎಂಬಂತೆ.

"ನನ್ ಮಗ ಬರಿಗಾಲಲ್ಲಿ ಓಡ್ತಾನಾ? ಬರೋ ಭಾನ್ವಾರ ಬೆಟ್ಟದ ರಸ್ತೇಲಿ ಓಟ ಅದೆ. ಬಂದು ನಿಮ್ ಕಣ್ಣಾರೆ ನೋಡಿ. ಅವ್ನ ಕಾಲಲ್ಲಿ ಏನೂ ಇಲ್ದಿದ್ರೆ, ನಾನು ಭಾಸ್ಣಾನೂ ಮಾಡಕ್ಕಿಲ್ಲ, ವಿಹಾರದ ಮೆಟ್ಲೂ ಅತ್ತಕ್ಕಿಲ್ಲ."

ಶಿವರಾಮು ಹೋದ ಮೇಲೆ ನಾನು ಪಾರ್ವತಮ್ಮನ ಸಂಗತಿ ಹೇಳಿದೆ. ಯಾರೂ ನಗಲಿಲ್ಲ. ಇವರು ಕಾಲೇಜಿನಿಂದ ಬಂದ ಕೂಡಲೇ ಅಪ್ಪ ಮಗನ ಮಾತುಕತೆ ನಡೆಯಿತು. ದಪ್ಪ ಶೂ ಹಾಕಿಕೋ ಎಂದರು ಮಾವ. ಅದು ಹಾಕಿದರೆ ಬೆಟ್ಟದ ಅರ್ಧಕ್ಕೇ ಮಂಡಿ ಕೈಕೊಡುತ್ತದೆ ಎಂದರು ಇವರು. ಎಳೆದಾಟ ರಾತ್ರಿ ಊಟದವರೆಗೂ ನಡೆದು, ಕಡೆಗೆ ಇವರು, "ಆಯ್ತಪ್ಪ, ಬರಿಗಾಲಲ್ಲಿ ಮಾತ್ರ ಓಡಲ್ಲ. ಎಲ್ಲರಿಗೂ ಕಾಣೋ ಹಾಗೆ ಏನಾದ್ರೂ ಒಂದು ಕಾಲಲ್ಲಿ ಇದ್ದೇ ಇರುತ್ತೆ" ಎಂದು ಮಾತು ಕೊಟ್ಟರು. ಅತ್ತೆ ಅನ್ನ ಬಡಿಸುವುದನ್ನು ನಿಲ್ಲಿಸಿ ಒಳಗೆ ಹೋದರು.

ಆ ಏನಾದರೂ ಒಂದು, ಶುಕ್ರವಾರ ಕೊರಿಯರಿನಲ್ಲಿ ಬಂತು. ಡಬ್ಬ ದೊಡ್ಡದಿತ್ತು. ತೆಗೆದರೆ ಒಳಗೆ ಕಾಗದ, ಕಾಗದದೊಳಗೆ ಕಾಗದ, ಅದರೊಳಗೆ ಪಾದದ ಆಕಾರಕ್ಕೆ ಕತ್ತರಿಸಿದ ಎರಡು ತೆಳು ರಬ್ಬರಿನ ಅಟ್ಟೆ, ಎರಡು ದಾರ. ಉಳಿದದ್ದು ಎಲ್ಲೋ ಸಿಕ್ಕಿಕೊಂಡಿರಬೇಕೆಂದು ನಾನು ಡಬ್ಬವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಉಳಿದದ್ದು ಏನೂ ಇರಲಿಲ್ಲ. ಹೆಬ್ಬೆರಳಿನ ಪಕ್ಕದಿಂದ ದಾರ ತೆಗೆದು, ಹಿಮ್ಮಡಿಗೆ ಸುತ್ತಿ ಕಟ್ಟಿಕೊಂಡರೆ ಮುಗಿಯಿತು. ಇವರು ಕಟ್ಟಿಕೊಂಡು ನಡುಮನೆಯಲ್ಲಿ ಆ ಕಡೆ ಈ ಕಡೆ ಓಡಾಡಿ, "ಕಾಲಲ್ಲಿ ಇದೆ, ಕಾಣಿಸ್ತದೆ. ಸರಿಯಾ ಅಪ್ಪ?" ಎಂದರು.

ಬೈಗುಳಕ್ಕೆ ಕಾದೆವು. ಮಾವನವರು ಬೈಯಲಿಲ್ಲ. ಮಗನ ಪಾದವನ್ನೇ ನೋಡುತ್ತ, "ಇದು ಮೆಟ್ಟು" ಎಂದರು.

"ಏನಪ್ಪ?"

"ಮೆಟ್ಟು. ನಮ್ಮಪ್ಪನ ಮೆಟ್ಟು ಇಂಗೇ ಇತ್ತು. ಅದು ತೊಗಲು, ಇದು ರಬ್ಬರು."

ಇವರು ಖುಷಿಯಾಗಿ ಸ್ನಾನಕ್ಕೆ ಹೋದರು. ನಾನು ಕಾಗದಗಳನ್ನು ಮಡಿಸುತ್ತಿದ್ದೆ. ಮಾವನವರು ನನಗೋ ಕಾಗದಕ್ಕೋ ಎಂಬಂತೆ ಹೇಳಿದರು. ಅವರ ಹಳ್ಳಿಯಲ್ಲಿ ಮೇಲ್ಜಾತಿಯವರಿದ್ದ ಮೇಲಿನ ಬೀದಿ ಬಂದರೆ ಅವರಪ್ಪ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದನಂತೆ. ಕೊನೆಯ ಮನೆ ದಾಟಿದ ಮೇಲೇ ಮತ್ತೆ ಕಾಲಿಗೆ. ಬೇಸಗೆಯಲ್ಲಿ ನೆಲ ಸುಡುತ್ತಿದ್ದರೂ ಅಷ್ಟೆ. ಮಾವನವರು ಆಗ ಚಿಕ್ಕವರು, ಹಿಂದೆ ಹಿಂದೆ ನಡೆಯುತ್ತಿದ್ದರು, ಕಣ್ಣೆತ್ತಿದರೆ ಕಾಣುತ್ತಿದ್ದುದು ಅಪ್ಪನ ಕೈಯಲ್ಲಿದ್ದ ಆ ಮೆಟ್ಟು.

"ಕೆಲ್ಸ ಸಿಕ್ಕಿ ಬೂಟು ಕೊಟ್ರಲ್ಲ, ಆವತ್ತೇ ಬಸ್ ಅತ್ತಿ ಊರಿಗೋದೆ. ಮೇಲಿನ್ ಬೀದೀಲಿ ಈ ತುದಿಯಿಂದ ಆ ತುದಿಗಂಟ ನಡ್ದೆ. ತಿರ್ಗಿ ಬಂದೆ. ಏನೂ ಕೆಲ್ಸ ಇರ್ನಿಲ್ಲ ಕಣವ್ವ ಅಲ್ಲಿ. ಸುಮ್ಕೆ ನಡ್ದೆ."

ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ನನಗೆ ಗೊತ್ತಿರಲಿಲ್ಲ. ಹಾಲಿಗೂ ಬೂಟು, ಸೊಪ್ಪಿಗೂ ಬೂಟು ಎಂದು ನಾನು ಎಷ್ಟು ಸಲ ಆಡಿಕೊಂಡಿದ್ದೆನೋ. ಕಾಫಿ ಮಾಡಿ ತಂದುಕೊಟ್ಟೆ. ಅವರು ಅದಕ್ಕೆ ಸಕ್ಕರೆ ಕಮ್ಮಿ ಎಂದರು.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಿಂದ ಓಟ ಶುರುವಾಯಿತು. ನಾವು ಮೊದಲೇ ಕಾರಿನಲ್ಲಿ ಮೇಲೆ ಹೋಗಿ, ಊರು ಪೂರಾ ಕಾಣುವ ತಿರುವಿನಲ್ಲಿ ನಿಂತೆವು. ಓಟ ಮುಗಿಯುವ ಜಾಗ ಅಲ್ಲಿಂದ ಕಣ್ಣಳತೆಯ ದೂರ. ದೇವಸ್ಥಾನದ ಕಡೆ ಹೆಜ್ಜೆ ಇಡುವುದಿಲ್ಲ ಎಂಬುದು ಮಾವನವರ ಷರತ್ತು. ಬೂಟಿಗೆ ಎರಡು ಸಲ ಪಾಲಿಶ್ ಬಿದ್ದಿತ್ತು, ಬಗ್ಗಿದರೆ ಮುಖ ಕಾಣುತ್ತಿತ್ತು. ಅವರ ಪಕ್ಕದಲ್ಲಿ ಶಿವರಾಮು. ಅತ್ತೆ ಸ್ವಲ್ಪ ಹಿಂದೆ, ಬೆಟ್ಟದ ತುದಿಯ ಕಡೆ ಮುಖ ಮಾಡಿ ನಿಂತು, ಯಾರಾದರೂ ತಿರುಗಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಹುಡುಗರು ಬಂದರು, ಹೋದರು. ಒಬ್ಬರು ಪೊಲೀಸಿನವರು ಬಂದರು. ದಿಲೀಪ್ ನಮ್ಮ ಕಡೆ ಕೈ ಬೀಸುತ್ತ ಹೋದ. ಆಮೇಲೆ ಕೆಳಗಿನ ತಿರುವಿನಿಂದ ಇವರ ಕೆಂಪು ಬನಿಯನ್ ಕಾಣಿಸಿತು. ಚೆನ್ನಾಗಿಯೇ ಓಡುತ್ತಿದ್ದರು, ಮುಖದಲ್ಲಿ ಸುಸ್ತಿರಲಿಲ್ಲ. ಕೈಗಳಲ್ಲಿ ಏನೋ ಕಪ್ಪಗೆ ಇತ್ತು.

ಎಡಗಾಲಿನ ದಾರ ಹೆಬ್ಬೆರಳಿನ ಹತ್ತಿರ ಕಿತ್ತುಹೋಗಿತ್ತು. ಒಂದು ಕಾಲಿಗಿದ್ದು ಒಂದು ಕಾಲಿಗಿಲ್ಲದೆ ಓಡಲಾಗದೆ, ಇವರು ಎರಡನ್ನೂ ಬಿಚ್ಚಿ, ಕೈಗೊಂದರಂತೆ ಹಿಡಿದುಕೊಂಡು ಬರುತ್ತಿದ್ದರು. ಕೊಟ್ಟ ಮಾತು ನೆನಪಿರಲೇ ಇಲ್ಲ, ಗುರಿ ಹತ್ತಿರ ಬಂದಿತ್ತಲ್ಲ, ಅಷ್ಟೇ ತಲೆಯಲ್ಲಿತ್ತು ಎಂದು ಆಮೇಲೆ ಹೇಳಿದರು.

ನಾನು ಮಾವನವರ ಮುಖ ನೋಡಿದೆ. ಅವರು ಮಗನ ಮುಖ ನೋಡುತ್ತಿರಲಿಲ್ಲ. ಅವರ ಕಣ್ಣು ಆ ಕೈಗಳ ಮೇಲಿತ್ತು. ಪಕ್ಕದಲ್ಲಿ ಶಿವರಾಮು ನಿಂತಿದ್ದಾರೆ ಎಂಬುದನ್ನು ಮರೆತು ಅವರು ರಸ್ತೆಗಿಳಿದರು. ಹಿಂದೆ ಸಾಹೇಬರಿಗೆ ದಾರಿ ಬಿಡಿಸುತ್ತಿದ್ದ ಅದೇ ಗತ್ತಿನಲ್ಲಿ ಕೈ ಚಾಚಿ, ಮಗನ ದಾರಿಗೆ ಅಡ್ಡ ನಿಂತರು.

"ಕೈಲಿರಾದ್ನ ಕೊಡಿಲ್ಲಿ."

"ದಾರ ಕಿತ್ತೋಯ್ತಪ್ಪ."

"ಕೊಡು ಅಂದೆ."

ಇವರು ಕೊಟ್ಟರು. ಮಾವನವರು ರಸ್ತೆಯ ನಡುವೆಯೇ ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಕಾಲುಚೀಲವೂ ಬೂಟಿನ ಜೊತೆಗೇ ಬಂತು. ನಾನು ಅವರ ಪಾದವನ್ನು ಬೀದಿಯ ಬೆಳಕಿನಲ್ಲಿ ಕಂಡದ್ದು ಅದೇ ಮೊದಲು. ಬೆಳ್ಳಗೆ, ಸಣ್ಣದಾಗಿತ್ತು.

"ಇದ್ನ ಆಕೋ."

"ಅಪ್ಪ, ಓಟ ನಡೀತಿದೆ."

"ಓಟ ಓಡೋಗಾಕಿಲ್ಲ. ಆಕೋ."

ಅಪ್ಪನ ದನಿಯಲ್ಲಿ ಏನು ಕೇಳಿಸಿತೋ, ಇವರು ಎದುರಾಡದೆ ಕೂತು ಹಾಕಿಕೊಂಡರು. ಅಪ್ಪನದು ಇವರಿಗಿಂತ ಒಂದು ಸೈಜು ಚಿಕ್ಕದು. ಎದ್ದು ಓಡಿದರು. ಟಕ್ ಟಕ್ ಟಕ್ ಎಂದು ಬೆಟ್ಟದ ರಸ್ತೆಯೆಲ್ಲ ಸದ್ದು. ನೆಲ ಗೊತ್ತಾಗಬೇಕು ಎಂದಿದ್ದ ದಿಲೀಪನಿಗೆ ಗುರಿಯ ಹತ್ತಿರ ನಿಂತೇ ಅದು ಗೊತ್ತಾಗಿರಬೇಕು. ಹಿಂದಿದ್ದ ಇಬ್ಬರು ಹೆಂಗಸರು ಇವರನ್ನು ದಾಟಿಕೊಂಡು ಹೋದರು. ಇವರು ಬಾತುಕೋಳಿಯ ಹಾಗೆ ಓಡಿದರೂ ಗುರಿ ಮುಟ್ಟಿದರು.

ಶಿವರಾಮು ಮಾವನವರ ಹತ್ತಿರ ಬಂದು, ಅವರ ಕೈಯಲ್ಲಿದ್ದ ಕಿತ್ತ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೋಡಿದ್ನಲ್ಲ. ಇದು ಹರಕೆ ಅಲ್ಲ ಚಿಕ್ಕಬಸವಯ್ಯನೋರೆ, ಹರುಕು. ಭಾಷಣ ರೆಡಿ ಮಾಡ್ಕೊಳಿ" ಎಂದು ಹೇಳಿ, ಇನ್ನೇನೂ ಕೇಳದೆ ಗುರಿಯ ಕಡೆ ನಡೆದರು. ಈ ಹೆಡ್ಮಾಸ್ತರು ನನಗೆ ಅಂದಿನಿಂದ ಬಹಳ ಬೇಕಾದವರು.

ಅತ್ತೆ ನನ್ನ ತೋಳು ಹಿಂಡಿದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

"ಎಲ್ಡೂ ತೀರ್ತು ಕಣವ್ವ."

"ಎರಡು ಯಾವುದು ಅತ್ತೆ? ಹರಕೆ ನಿಮ್ಮ ಮಗ ಒಬ್ಬರದ್ದೇ ಅಲ್ವಾ?"

"ಅಪ್ಪ ಮಗ ಇಬ್ರೂನೂವೆ ಬರಿಗಾಲಲ್ಲಿ ಬೆಟ್ಟ ತುಳುಸ್ತೀನಿ ಅಂತ ಕಟ್ಕಂಡಿದ್ದೆ. ಮಗಂದು ಎಂಗೋ ಆಯ್ತದೆ, ಇವ್ರ ಬೂಟ್ ಬುಡ್ಸಾದು ಆ ತಾಯಿ ಕೈಲೂ ಆಗಾಕಿಲ್ಲ ಅನ್ಕಂಡಿದ್ದೆ. ಅವ್ರ್ಗೆ ಏಳ್ಬ್ಯಾಡ."

ನಾನು ಹೇಳಲಿಲ್ಲ. ಹೇಳುವ ಹೊತ್ತೂ ಅದಲ್ಲ. ಮಾವನವರು ಇನ್ನೂ ರಸ್ತೆಯಂಚಿನಲ್ಲಿ ಬರಿಗಾಲಲ್ಲೇ ನಿಂತಿದ್ದರು, ಮಗ ಹೋದ ದಿಕ್ಕನ್ನೇ ನೋಡುತ್ತಾ. ಆಮೇಲೆ ಕಣ್ಣು ತಮ್ಮ ಕೈಯ ಮೇಲೆ ಬಿತ್ತು. ಅಲ್ಲಿ ಮೆಟ್ಟು ಇತ್ತು. ಒಂದು ಕ್ಷಣ ಹಾಗೇ ನೋಡಿದರು, ಆ ಕೈ ಬೇರೆ ಯಾರದೋ ಎಂಬ ಹಾಗೆ. ಮೆಲ್ಲಗೆ ಬಗ್ಗಿ ಅವನ್ನು ನೆಲಕ್ಕಿಟ್ಟು, ಒಂದೊಂದೇ ಕಾಲು ತೂರಿಸಿದರು. ಬಲಗಾಲಿನದು ನಿಂತಿತು. ಎಡಗಾಲಿನದನ್ನು ಬೆರಳಿನಲ್ಲಿ ಒತ್ತಿ ಹಿಡಿದು ಎಳೆದುಕೊಂಡು ಹೋಗಬೇಕು. ಬೆನ್ನು ನೆಟ್ಟಗೆ ಮಾಡಿಕೊಂಡು, ಜರ್ ಜರ್ ಎಂದು ಸದ್ದು ಮಾಡುತ್ತ, ಜನರ ನಡುವೆಯೇ ಗುರಿಯ ಕಡೆ ಹೊರಟರು. ನಾನೂ ಅತ್ತೆಯೂ ಹಿಂದೆ ನಡೆದೆವು.

ದಿಲೀಪ್ ಎದುರಿಗೆ ಬಂದ. ಅವನ ಕಣ್ಣು ಯಾರ ಮುಖಕ್ಕಿಂತ ಮೊದಲು ಪಾದಕ್ಕೇ ಹೋಗುವುದು. ಮಾವನವರ ಕಾಲು ನೋಡಿ ನಿಂತುಬಿಟ್ಟ.

"ಸೂಪರ್ ತಾತ. ನೀವೂ ಶುರು ಮಾಡಿದ್ರಾ? ಯಾವ ಕಂಪ್ನೀದು ಇದು?"

ಮಾವನವರು ನಿಲ್ಲಲಿಲ್ಲ.

"ನಮ್ಮಪ್ಪಂದು" ಎಂದರು. "ಕೈಲೇ ಇಡ್ಕಂಡು ತಿರುಗ್ತಿದ್ದ. ಅದ್ಕೇ ಅಟ್ಟೆ ಸವ್ದಿಲ್ಲ."